ಬೆಳಕು ಇಳಿದ ಮಾತ್ರಕ್ಕೆ ಎನ್‌ಎಫ್-ಕಪ್ಪಾಬಿ ನಿಂತಿತು ಅಂತಲ್ಲ

ಎನ್‌ಎಫ್-ಕಪ್ಪಾಬಿಯನ್ನು ತಡೆಯುವ ರಾಸಾಯನಿಕ ಹುಡುಕಲು ಹೊರಟಾಗ ನಾನೂ ಎಲ್ಲರಂತೆ ಬೆಳಕು ಹೊಮ್ಮಿಸುವ ಲೂಸಿಫರೇಸ್ ಎಂಬ ಕಿಣ್ವದಿಂದಲೇ ಶುರುಮಾಡಿದೆ. ಎನ್‌ಎಫ್-ಕಪ್ಪಾಬಿ ಎನ್ನುವ ಪ್ರೋಟೀನ್ ಉರಿಯೂತದ ಎಷ್ಟೋ ಜೀನ್‌ಗಳನ್ನು ಆನ್ ಮಾಡುತ್ತದೆ. ಅದು ಬಂದು ಕೂರುವ ಡಿಎನ್‌ಎ ತುಣುಕಿಗೆ ಮಿಂಚುಹುಳದ ಲೂಸಿಫರೇಸ್ ಜೀನ್ ಜೋಡಿಸಿ, ಲ್ಯಾಬಿನಲ್ಲಿ ಬೆಳೆಸುವ ಎಚ್‌ಇಕೆ 293 ಎಂಬ ಮಾನವ ಕೋಶಗಳಿಗೆ ಹಾಕಿ, ಉರಿಯೂತದ ಸಂಕೇತವಾದ ಟಿಎನ್‌ಎಫ್ ಪ್ರೋಟೀನ್ ಕೊಟ್ಟರೆ ಬೆಳಕು ಏರಬೇಕು. ತಡೆ ಬಿದ್ದರೆ ಇಳಿಯಬೇಕು.

ಒಂದು ಕಾಂಪೌಂಡ್ 10 ಮೈಕ್ರೋಮೋಲಾರ್‌ನಲ್ಲೇ ಬೆಳಕನ್ನು ನೆಲಕ್ಕಿಳಿಸಿತು. ಮೂರು ಸಲ ಮಾಡಿದರೂ ಅದೇ. ತುಂಬಾ ಖುಷಿಯಾಗಿತ್ತು. ಆದರೆ ಅದೇ ರೀತಿ ಬೆಳೆಸಿದ ಕೋಶಗಳಿಂದ ಆರ್‌ಎನ್‌ಎ ತೆಗೆದು, ಎನ್‌ಎಫ್-ಕಪ್ಪಾಬಿ ಆನ್ ಮಾಡುವ ಜೀನ್‌ಗಳಲ್ಲಿ ಒಂದಾದ ಐಎಲ್-8 ಅಳೆದರೆ ಒಂಚೂರೂ ಇಳಿದಿಲ್ಲ! ಕೊನೆಗೆ ಬರೀ ಶುದ್ಧ ಲೂಸಿಫರೇಸ್ ಇರುವ ಟ್ಯೂಬಿಗೆ ಕಾಂಪೌಂಡ್ ಹಾಕಿ ನೋಡಿದೆ. ಅದರಲ್ಲಿ ಕೋಶವೂ ಇಲ್ಲ, ಎನ್‌ಎಫ್-ಕಪ್ಪಾಬಿಯೂ ಇಲ್ಲ, ಆದರೂ ಬೆಳಕು ಹೋಯಿತು. ನಾನು ಇಷ್ಟು ದಿನ ಹಿಂದೆ ಬಿದ್ದಿದ್ದು ಲೂಸಿಫರೇಸ್ ತಡೆಯುವ ವಸ್ತುವಿನ ಹಿಂದೆ. ಪಿ53 ಎನ್ನುವ ಇನ್ನೊಂದು ಪ್ರೋಟೀನನ್ನು ತಡೆಯಲು ಬಳಸುವ ಪಿಫಿಥ್ರಿನ್-ಆಲ್ಫಾಗೂ ಇದೇ ಗುಣ ಇದೆ, ಹಾಗಾಗಿ ಇದು ಅಪರೂಪದ ವಿಷಯವೇನಲ್ಲ.

ಆಮೇಲೆ ನಾನು ನೆಚ್ಚಿಕೊಂಡದ್ದು ವೆಸ್ಟರ್ನ್ ಬ್ಲಾಟ್, ಅಂದರೆ ಒಂದು ಪ್ರೋಟೀನ್ ಎಷ್ಟಿದೆ ಅಂತ ಬ್ಯಾಂಡ್ ಅಥವಾ ಪಟ್ಟೆಯಾಗಿ ತೋರಿಸುವ ವಿಧಾನ. ಸಾಮಾನ್ಯವಾಗಿ ಐಕಪ್ಪಾಬಿ-ಆಲ್ಫಾ ಎನ್ನುವ ಪ್ರೋಟೀನ್ ಎನ್‌ಎಫ್-ಕಪ್ಪಾಬಿಯನ್ನು ನ್ಯೂಕ್ಲಿಯಸ್‌ಗೆ ಹೋಗದಂತೆ ಹಿಡಿದಿಟ್ಟಿರುತ್ತದೆ. ಟಿಎನ್‌ಎಫ್ ಕೊಟ್ಟ 15 ನಿಮಿಷಕ್ಕೆ ಐಕಪ್ಪಾಬಿ-ಆಲ್ಫಾ ಒಡೆದುಹೋಗಿ ಅದರ ಬ್ಯಾಂಡ್ ಹೆಚ್ಚೂಕಡಿಮೆ ಮಾಯ. ಸುಮಾರು ಒಂದು ಗಂಟೆಯಲ್ಲಿ ಮತ್ತೆ ಬರುತ್ತದೆ, ಯಾಕೆಂದರೆ ಬಿಡುಗಡೆಯಾದ ಎನ್‌ಎಫ್-ಕಪ್ಪಾಬಿಯೇ ಅದರ ಜೀನನ್ನು ಆನ್ ಮಾಡುತ್ತದೆ. ಎಷ್ಟು ಚೆಂದದ ವ್ಯವಸ್ಥೆ ಅಲ್ವಾ? ಎನ್‌ಎಫ್-ಕಪ್ಪಾಬಿ ತಡೆಯಲು ಬಳಸುವ ಬೇ 11-7082 ಎಂಬ ರಾಸಾಯನಿಕ ಮೊದಲೇ ಕೊಟ್ಟಿದ್ದ ಕೋಶಗಳಲ್ಲಿ 15 ನಿಮಿಷಕ್ಕೂ ಬ್ಯಾಂಡ್ ಹಾಗೇ ಉಳಿದಿತ್ತು. 60ನೇ ನಿಮಿಷ ಮಾತ್ರ ನೋಡಿದ್ದರೆ ಏನೂ ವ್ಯತ್ಯಾಸವಿಲ್ಲ ಅಂದುಕೊಳ್ಳುತ್ತಿದ್ದೆ.

ಆದರೆ ಬೇ 11-7082 ಕೂಡ ಪೂರ್ತಿ ನಂಬುವಂಥದ್ದಲ್ಲ. ಅದು ಸಿಕ್ಕ ಸಿಕ್ಕ ಪ್ರೋಟೀನಿನ ಸಿಸ್ಟೀನ್ ಎಂಬ ಅಮೈನೋ ಆಮ್ಲಕ್ಕೆ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ಸಿಸ್ಟೀನ್‌ನಂತೆಯೇ ಗಂಧಕದ ಗುಂಪು ಇರುವ ಡಿಟಿಟಿಯಂಥ ರಾಸಾಯನಿಕ (ಥಯಾಲ್) ಜೊತೆಗಿದ್ದರೆ ಅದನ್ನೇ ಹಿಡಿದು ಕೂರುತ್ತದೆ, ಕೋಶದ ಮೇಲೆ ಕೆಲಸವೇ ಮಾಡುವುದಿಲ್ಲ. ಡೋಸ್ ಜಾಸ್ತಿಯಾದರೆ ಕೋಶ ಸಾಯುತ್ತದೆ, ಸತ್ತ ಕೋಶದಲ್ಲಿ ಯಾವ ಜೀನ್ ತಾನೇ ಆನ್ ಆದೀತು? ಅದಕ್ಕೇ ಈಗ ಅಳೆಯುವ ಮೊದಲು ಪ್ಲೇಟನ್ನು ಮೈಕ್ರೋಸ್ಕೋಪ್ ಕೆಳಗಿಟ್ಟು ನೋಡುತ್ತೇನೆ. ಕೋಶಗಳು ದುಂಡಗಾಗಿ ತೇಲುತ್ತಿದ್ದರೆ ಆ ಡೋಸ್ ಬಿಟ್ಟೆ. ಕಾಂಪೌಂಡ್ ಕರಗಿಸುವ ದ್ರವ ಡಿಎಂಎಸ್‌ಒ ಪ್ಲೇಟಿನ ಎಲ್ಲ ಬಾವಿಗಳಲ್ಲೂ (ಕೋಶ ಬೆಳೆಸುವ ಗುಳಿಗಳಲ್ಲೂ) ಶೇ. 0.1 ಇರುತ್ತದೆ, ಕಾಂಪೌಂಡ್ ಕೊಡದ ಬಾವಿಯಲ್ಲೂ.