ಮಳೆಗಾಲದಲ್ಲಿ ದೊಡ್ಡ ಪರಾತ ಒಣಗಿಸಿದ ನನ್ನ ಅನುಭವ

"ಹಸಿ ಮಣ್ಣಿಗೆ ಮತ್ತೆ ಹಬೆ ಹಿಡೀತೀಯಾ?" ಎಂದು ಊರಿನ ಹಿರಿಯ ಕುಂಬಾರರೊಬ್ಬರು ತಲೆ ಅಲ್ಲಾಡಿಸಿದ್ದರು. ನಮ್ಮದು ಖಾನಾಪುರ. ಖಾದಿ ಆಯೋಗದ ಕುಂಬಾರಿಕೆ ತರಬೇತಿ ಸಂಸ್ಥೆ ಇರುವ ಊರು, ಮಣ್ಣಿನ ಬಗ್ಗೆ ಎಲ್ಲರಿಗೂ ಒಂದು ಮಾತಿರುತ್ತದೆ. ಹೋದ ಜುಲೈನಲ್ಲಿ, ಬಿಡದೆ ಮಳೆ ಸುರಿಯುವಾಗಲೇ, ಹಬೆ ತುಂಬಿದ ಗೂಡಿನಲ್ಲಿ 36 ಹಸಿ ಮಣ್ಣಿನ ಪರಾತ (ಅಗಲ ತಟ್ಟೆ) ಒಣಗಲು ಇಟ್ಟು 33 ಸೀಳಿಲ್ಲದೆ ತೆಗೆದೆ. ಎಲ್ಲವೂ 18 ಇಂಚಿನವು.

ಮೊದಲ ವರ್ಷ ಫ್ಯಾನ್ ಹಾಕಿದ್ದೆ. ಎರಡೇ ದಿನಕ್ಕೆ ಅಂಚು ಬೆಳ್ಳಗಾಯಿತು, ತಳ ಹಸಿ ಹಸಿ. ಅಂಚು ಮೊದಲೇ ಕುಗ್ಗಿ ಗಟ್ಟಿಯಾಗಿ ನಿಂತರೆ ಆಮೇಲೆ ಕುಗ್ಗುವ ತಳ ಎಲ್ಲಿಗೆ ಹೋಗಬೇಕು? ನಲವತ್ತರಲ್ಲಿ 28 ಬಿರಿದವು. ಮುಂಗಡ 14 ಸಾವಿರ ವಾಪಸ್ ಕೊಟ್ಟೆ. ಮರುವರ್ಷ ಪ್ಲಾಸ್ಟಿಕ್ ಸುತ್ತಿಟ್ಟೆ. ಸೀಳು ಕಡಿಮೆಯಾಯಿತು, ಆದರೆ ಇಪ್ಪತ್ತು ದಿನಕ್ಕಿಂತ ಜಾಸ್ತಿ ಹಿಡಿಯಿತು. ಅಷ್ಟರಲ್ಲಿ ಗಿರಾಕಿ ಬೇರೆ ಕಡೆ ಹೋದ.

ಆಮೇಲೆ ಗೂಡು ಕಟ್ಟಿದೆ. ಆರು ಅಡಿ, ನಾಲ್ಕು ಅಡಿ, ಇಟ್ಟಿಗೆ ಗೋಡೆ, ತಗಡಿನ ಮಾಡು. ಹೊರಗಿಂದ ಉರಿಸುವ ಹೊಟ್ಟಿನ ಒಲೆ, ಅದರ ಮೇಲೆ ನೀರಿನ ಬೋಗುಣಿ. ಎಲ್ಲ ಸೇರಿ 9 ಸಾವಿರದ ಹತ್ತಿರ. ಮೊದಲ ಎಂಟು ಗಂಟೆ ಹಬೆ ಹೋಗುವ ಕಿಂಡಿ ಪೂರ್ತಿ ಮುಚ್ಚಿರುತ್ತೇನೆ. ಶಾಖ 50 ಡಿಗ್ರಿ ಆಸುಪಾಸು, ಗೋಡೆ ಬೆವರಬೇಕು. ಪರಾತ ಒಳಗಿನವರೆಗೆ ಬಿಸಿಯಾಗುತ್ತದೆ, ಮೈ ಮಾತ್ರ ಹಸಿಯಾಗೇ ಇರುತ್ತದೆ. ಬಿಸಿಯಾದ ಮಣ್ಣಿನಲ್ಲಿ ನೀರು ಸಲೀಸಾಗಿ ಹೊರಗೆ ಹರಿದು ಬರುತ್ತದೆ. ಆಮೇಲೆ ಕಿಂಡಿ ಒಂದು ಬೆರಳು, ಮರುದಿನ ನಾಲ್ಕು ಬೆರಳು. ಐದನೇ ದಿನ ಹೊರಗೆ.

ಮೊದಲ ಸಲ ತಗಡಿನಿಂದ ಹನಿ ಬಿದ್ದು ಆರು ಪರಾತ ಹಾಳಾದವು. ಬಿದ್ದಲ್ಲೆಲ್ಲ ಸಣ್ಣ ಗುಳಿ, ಗುಳಿಯ ಸುತ್ತ ಕೂದಲೆಳೆ ಬಿರುಕು. ತಗಡಿನ ಕೆಳಗೆ ಗೋಣಿತಟ್ಟನ್ನು ಒಂದು ಕಡೆಗೆ ಇಳಿಜಾರಾಗಿ ಕಟ್ಟಿದೆ, ಹನಿ ಗೋಡೆಯ ಕಡೆ ಇಳಿದುಹೋಗುತ್ತದೆ. ಅದೇ ಗೂಡಲ್ಲಿ ಪ್ಲಾಸ್ಟರ್ ಅಚ್ಚುಗಳನ್ನೂ ಒಣಗಿಸಲು ಹೋಗಿದ್ದೆ. ಶಾಖ 60 ದಾಟಿ, ಎರಡು ಅಚ್ಚಿನ ಅಂಚು ಉಗುರು ತಾಗಿದರೆ ಪುಡಿ ಉದುರುವಷ್ಟಾಯಿತು. ಅಚ್ಚನ್ನು ಒಳಗಿಡಬೇಡಿ.

ಪರಾತದ ಕೆಳಗೆ ಒಣ ಮರಳು ಹರಡಲೇಬೇಕು. ಒಣಗುವಾಗ ಪರಾತ ಒಂದು ಇಂಚಿನಷ್ಟು ಕುಗ್ಗುತ್ತದೆ, ತಳ ಜಾರಲು ಜಾಗ ಬೇಡವೇ? ಹಲಗೆಗೆ ಅಂಟಿಕೊಂಡರೆ ಯಾವ ಹಬೆಯೂ ಉಳಿಸುವುದಿಲ್ಲ. ಸುಮ್ನೆ ನೋಡೋಣ ಎಂದು ನಾಲ್ಕನ್ನು ಪೇಪರ್ ಮೇಲೆ ಇಟ್ಟಿದ್ದೆ. ಪೇಪರ್ ಒದ್ದೆಯಾಗಿ ಮುದುಡಿತು, ಮೂರು ಹೋದವು. ಜುಲೈನ 36ರಲ್ಲಿ ಬಿರಿದ ಮೂರೂ ಅವೇ. ಮರಳಿನ ಮೇಲಿದ್ದದ್ದು ಒಂದೂ ಬಿರಿಯಲಿಲ್ಲ.

ಮಣ್ಣಿಗೆ ಬೋಕಿ (ಒಡೆದ ಮಡಕೆ ಚೂರು) ಪುಡಿ ಸೇರಿಸುತ್ತೇನೆ, ಹತ್ತಕ್ಕೆ ಎರಡು ಪಾಲಿನ ಹತ್ತಿರ. ಯಾವ ಜರಡಿಯ ಪುಡಿ, ಅದರ ಜೊತೆ ಇನ್ನೇನು ಎಂಬುದು ನನ್ನಲ್ಲೇ ಇರಲಿ. ಒಣಗಿತಾ ಎಂದು ನೋಡಲು ತಳವನ್ನು ಕೆನ್ನೆಗೆ ಒತ್ತುತ್ತೇನೆ, ತಂಪು ತಾಗಿದರೆ ಒಳಗೆ ಇನ್ನೂ ನೀರಿದೆ. ಈಗ ಗೂಡಲ್ಲಿ 24 ಇಂಚಿನವು ಐದು ಇವೆ. ಇವತ್ತು ಮೂರನೇ ದಿನ, ಕಿಂಡಿ ನಾಲ್ಕು ಬೆರಳು ತೆರೆದಿದೆ.