ಹ್ಯೂಸ್ಟನ್‌ಗೆ ಹೊಸದಾಗಿ ಬಂದವರಿಗೆ: ಚಂಡಮಾರುತದಲ್ಲಿ ನೌಕಾಪಡೆ ಬರುವ ಮುಂಚೆ, ಬಂದ ಮೇಲೆ

ಜೂನ್ 1ಕ್ಕೆ ಇಲ್ಲಿ ಚಂಡಮಾರುತದ ಕಾಲ ಶುರುವಾಗುತ್ತದೆ, ನವೆಂಬರ್ 30ಕ್ಕೆ ಮುಗಿಯುತ್ತದೆ. ಈ ಆರು ತಿಂಗಳಲ್ಲಿ ಹೊಸದಾಗಿ ಬಂದ ನಮ್ಮವರಲ್ಲಿ ಒಬ್ಬರಾದರೂ ಕೇಳಿಯೇ ಕೇಳುತ್ತಾರೆ: "ಇದು ಅಮೆರಿಕ ಅಲ್ವಾ, ಏನಾದ್ರೂ ಆದ್ರೆ ನೇವಿ ಹೆಲಿಕಾಪ್ಟರ್ ಬಂದು ಕರ್ಕೊಂಡು ಹೋಗುತ್ತಲ್ವಾ?" ಬರುತ್ತದೆ, ನಾನೇ ನೋಡಿದ್ದೇನೆ. ಆದರೆ ಯಾರು ಮೊದಲ ದಿನ ಬರುತ್ತಾರೆ, ಯಾರು ಐದನೇ ದಿನ ಬರುತ್ತಾರೆ, ಅವರು ಬಂದಾಗ ನೀವು ಎಲ್ಲಿ ನಿಂತಿರಬೇಕು ಅನ್ನೋದು ಗೊತ್ತಿಲ್ಲದಿದ್ದರೆ ಆ ಹೆಲಿಕಾಪ್ಟರ್ ನಿಮ್ಮ ತಲೆಯ ಮೇಲೇ ಹಾರಿ ಮುಂದಿನ ಬೀದಿಗೆ ಹೋಗಿಬಿಡುತ್ತದೆ.

2017ರ ಆಗಸ್ಟ್ 25ರ ರಾತ್ರಿ ಹಾರ್ವಿ ಚಂಡಮಾರುತ ರಾಕ್‌ಪೋರ್ಟ್ ಹತ್ತಿರ ದಡ ಮುಟ್ಟಿತು. ಅದು ನಮ್ಮಿಂದ ಸುಮಾರು 300 ಕಿಲೋಮೀಟರ್ ದೂರ. ಗಾಳಿ ನಮ್ಮ ಕಡೆ ಬರಲಿಲ್ಲವೆಂದು ನಾವು ಸಮಾಧಾನಪಟ್ಟುಕೊಂಡೆವು. ಅದು ಮುಂದೆ ಹೋಗದೆ ನಿಂತುಬಿಟ್ಟಿತು, ದಿನಗಟ್ಟಲೆ ಸುರಿಯಿತು. ನೆದರ್‌ಲ್ಯಾಂಡ್ ಎಂಬ ಟೆಕ್ಸಸ್ ಊರಿನಲ್ಲಿ ಅಳೆದ ಮಳೆ 60.58 ಅಂಗುಲ. ಬೆಂಗಳೂರಿಗೆ ಇಡೀ ವರ್ಷದಲ್ಲಿ ಬೀಳುವುದಕ್ಕಿಂತ ಹೆಚ್ಚು ಮಳೆ ಅದು. ನಮ್ಮ ಮನೆ ಆಗ ಬಾರ್ಕರ್ ಜಲಾಶಯದ ಹಿಂಬದಿಯಲ್ಲಿತ್ತು. ಮನೆ ಕೊಳ್ಳುವಾಗ ಅಲ್ಲೊಂದು ಅಣೆಕಟ್ಟು ಇದೆ ಅಂತಲೇ ನನಗೆ ಗೊತ್ತಿರಲಿಲ್ಲ. ಮಾಮೂಲಿ ದಿನಗಳಲ್ಲಿ ಅದು ಒಣಗಿದ ಉದ್ಯಾನ, ಜನ ಸೈಕಲ್ ಹೊಡೆಯುತ್ತಾರೆ. ಮಳೆ ಕಡಿಮೆಯಾದ ಮೇಲೂ ಹಿನ್ನೀರು ಏರುತ್ತಲೇ ಇತ್ತು. ಮನೆಯಲ್ಲಿ ನಾವಿಬ್ಬರು, ಎರಡು ವರ್ಷದ ಮಗಳು, ಶಿವಮೊಗ್ಗದಿಂದ ಬಂದಿದ್ದ ಅತ್ತೆ.

ನಮ್ಮನ್ನು ಕರೆದೊಯ್ದದ್ದು ಯಾವ ಪಡೆಯೂ ಅಲ್ಲ. ಮೀನು ಹಿಡಿಯುವ ಸಣ್ಣ ದೋಣಿ ತಂದಿದ್ದ ಇಬ್ಬರು ಅಪರಿಚಿತರು, ಲೂಯಿಸಿಯಾನಾದವರು. 2005ರ ಕತ್ರಿನಾ ಚಂಡಮಾರುತದ ಸಮಯದಲ್ಲಿ ಹೀಗೆ ತಂತಮ್ಮ ದೋಣಿ ಎಳೆದುಕೊಂಡು ಬಂದ ಜನರಿಗೆ 'ಕೇಜನ್ ನೇವಿ' ಎಂಬ ಹೆಸರು ಬಿತ್ತು (ಕೇಜನ್ ಅಂದರೆ ಲೂಯಿಸಿಯಾನಾದ ಫ್ರೆಂಚ್ ಮೂಲದ ಜನ). ಹೆಸರಿನಲ್ಲಿ ಮಾತ್ರ ನೇವಿ, ಸಮವಸ್ತ್ರವಿಲ್ಲ, ಸಂಬಳವಿಲ್ಲ. ಅತ್ತೆ ಅವರಿಗೆ ಕೈಮುಗಿದು "ದೇವರು ಒಳ್ಳೇದು ಮಾಡ್ಲಿ ಕಣಪ್ಪ" ಅಂದರು. ಅವರಿಗೆ ಮಾತು ತಿಳಿಯಲಿಲ್ಲ, ಅರ್ಥ ತಿಳಿಯಿತು.

ಮೊದಲು ಬರುವವರು

ಅಂದರೆ ಮೊದಲ ದಿನ ನಿಮ್ಮ ನೆರೆಯವರು, ದೋಣಿ ಇದ್ದವರು, ಊರಿನ ಅಗ್ನಿಶಾಮಕ ದಳ, ಪೊಲೀಸರು. ಅವರ ಜೊತೆಜೊತೆಗೇ ಕೋಸ್ಟ್ ಗಾರ್ಡ್. ಇದನ್ನು ನೌಕಾಪಡೆಯೇ ಎಂದುಕೊಳ್ಳುವವರು ಬಹಳ. 1790ರಲ್ಲಿ ಹುಟ್ಟಿದ ಬೇರೆಯದೇ ಪಡೆ ಅದು. ಶಾಂತಿಕಾಲದಲ್ಲಿ ಗೃಹ ಭದ್ರತೆಯ ಇಲಾಖೆಯ ಕೆಳಗಿರುತ್ತದೆ, ಯುದ್ಧ ಬಂದರೆ ನೌಕಾಪಡೆಯ ಕೈಕೆಳಗೆ ಹೋಗಬಹುದು. ಜೀವ ಉಳಿಸುವುದು ಅವರ ದಿನನಿತ್ಯದ ಕಸುಬು. ಅವರ ಹೆಲಿಕಾಪ್ಟರ್‌ಗಳು ಈ ಕರಾವಳಿಯಲ್ಲೇ ಇರುತ್ತವೆ, ಯಾರ ಅಪ್ಪಣೆಗೂ ಕಾಯಬೇಕಾಗಿಲ್ಲ. ಕತ್ರಿನಾದಲ್ಲಿ 33,000ಕ್ಕೂ ಹೆಚ್ಚು ಜನರನ್ನು ಅವರು ಪಾರುಮಾಡಿದರು. ಹಾರ್ವಿಯಲ್ಲಿ 11,000ಕ್ಕೂ ಹೆಚ್ಚು, ಜೊತೆಗೆ ಸಾವಿರಕ್ಕೂ ಮೀರಿ ನಾಯಿ ಬೆಕ್ಕುಗಳನ್ನು. ರಾಜ್ಯಪಾಲರ ಕೈಯಲ್ಲಿರುವ ನ್ಯಾಷನಲ್ ಗಾರ್ಡ್ ಕೂಡ ಬೇಗ ಬರುತ್ತದೆ. ಹಾರ್ವಿಗೆ ಟೆಕ್ಸಸ್‌ನ ಸುಮಾರು 12,000 ಮಂದಿಯನ್ನೂ ಇಳಿಸಿದ್ದರು. ಇಲ್ಲಿಯ ರಾಜ್ಯಪಾಲರು ಅಂದರೆ ನಮ್ಮ ಮುಖ್ಯಮಂತ್ರಿ ಇದ್ದಹಾಗೆ, ನಮ್ಮ ರಾಜ್ಯಪಾಲರ ಹಾಗಲ್ಲ.

ನಿಜವಾದ ನೌಕಾಪಡೆಯ ದೊಡ್ಡ ಹಡಗು ಬರುವುದಕ್ಕೆ ಹೊತ್ತು ಹಿಡಿಯುತ್ತದೆ. ರಾಜ್ಯ ಕೇಳಬೇಕು, ಅಧ್ಯಕ್ಷರು ವಿಪತ್ತು ಘೋಷಿಸಬೇಕು, ಫೀಮಾ ಎಂಬ ಕೇಂದ್ರ ಸರ್ಕಾರದ ವಿಪತ್ತು ಸಂಸ್ಥೆ ಕೆಲಸ ಹಂಚಬೇಕು. ಆಮೇಲೆ ದೂರ. ಹಾರ್ವಿಗಾಗಿ ಕಿಯರ್‌ಸಾರ್ಜ್ ಮತ್ತು ಓಕ್ ಹಿಲ್ ಎಂಬ ಎರಡು ಹಡಗುಗಳು ವರ್ಜೀನಿಯಾದ ನಾರ್ಫೋಕ್ ಬಿಟ್ಟದ್ದು ಆಗಸ್ಟ್ 31ಕ್ಕೆ. ಅಲ್ಲಿಂದ ಫ್ಲಾರಿಡಾ ಸುತ್ತಿಕೊಂಡು ಇಲ್ಲಿಗೆ ಬರಲು ನಾಲ್ಕೈದು ದಿನದ ದಾರಿ. ಅಷ್ಟರಲ್ಲಿ ನಮ್ಮ ಬೀದಿಯ ಜನರೆಲ್ಲ ಶಾಲೆಯ ಜಿಮ್‌ನಲ್ಲೋ ಸ್ನೇಹಿತರ ಮನೆಯಲ್ಲೋ ಇದ್ದೆವು. ನೌಕಾಪಡೆಯ ಬೂದು ಹೆಲಿಕಾಪ್ಟರ್‌ಗಳು ಮಾತ್ರ ಹಡಗಿಗೆ ಕಾಯದೆ ನಾರ್ಫೋಕ್‌ನಿಂದ ನೇರ ಹಾರಿ ಬಂದಿದ್ದವು. ಆ ಹಡಗುಗಳಿಗೆ ಮುಂದೆ ಇರ್ಮಾ, ಮರಿಯಾ ಚಂಡಮಾರುತಗಳು ಕೆರಿಬಿಯನ್‌ನಲ್ಲಿ ಇನ್ನೂ ದೊಡ್ಡ ಕೆಲಸ ಕೊಟ್ಟವು.

ಕತ್ರಿನಾದಲ್ಲಿ ಬೇರೆ ಥರ ಆಗಿತ್ತು. ಬಟಾನ್ ಎಂಬ ನೌಕಾಪಡೆಯ ಹಡಗು ಆಗಲೇ ಮೆಕ್ಸಿಕೊ ಕೊಲ್ಲಿಯಲ್ಲಿತ್ತು. ಬಿರುಗಾಳಿಯ ಬೆನ್ನಿಗೇ ಬಂದು ಮರುದಿನ, ಅಂದರೆ 2005ರ ಆಗಸ್ಟ್ 30ಕ್ಕೆ, ಹೆಲಿಕಾಪ್ಟರ್ ಹಾರಿಸಿತು. ಹತ್ತಿರದಲ್ಲಿ ಹಡಗಿದ್ದರೆ ಒಂದು ದಿನ, ಇಲ್ಲದಿದ್ದರೆ ಒಂದು ವಾರ. ನಿಮ್ಮ ಲೆಕ್ಕ ಯಾವಾಗಲೂ ವಾರದ್ದೇ ಇರಲಿ. ಒಬ್ಬೊಬ್ಬರಿಗೆ ದಿನಕ್ಕೆ ಒಂದು ಗ್ಯಾಲನ್, ಅಂದರೆ ಸುಮಾರು ನಾಲ್ಕು ಲೀಟರ್ ನೀರು. ಒಲೆ ಬೇಡದ ಊಟ ನಮ್ಮಲ್ಲಿ ಬೇಕಾದಷ್ಟಿದೆ: ಅವಲಕ್ಕಿ, ಹುರಿಹಿಟ್ಟು, ಚಟ್ನಿಪುಡಿ, ಕಡಲೆ, ಬೆಲ್ಲ. ಅತ್ತೆಯ ಡಬ್ಬಿಯಲ್ಲಿದ್ದ ಹುರಿಹಿಟ್ಟು ಆ ಜಿಮ್‌ನಲ್ಲಿ ನಮ್ಮ ಮಗಳನ್ನು ಎರಡು ದಿನ ಸಾಕಿತು.

ಚಾವಣಿ, ಅಟ್ಟ, ಸೆರಗು

ಇದನ್ನು ದಯವಿಟ್ಟು ಗಮನವಿಟ್ಟು ಓದಿ. ನಮ್ಮೂರಿನ ಮನೆಗೆ ತಾರಸಿ ಇರುತ್ತದೆ, ತಾರಸಿಗೆ ಮೆಟ್ಟಿಲು ಇರುತ್ತದೆ. ನೀರು ಬಂದರೆ ಮೇಲೆ ಹತ್ತಿ ಕೂತರಾಯಿತು. ಇಲ್ಲಿ ಚಾವಣಿ ಇಳಿಜಾರು, ಅದಕ್ಕೆ ಮೆಟ್ಟಿಲಿಲ್ಲ. ಒಳಗಿನಿಂದ ಏಣಿ ಎಳೆದು ಹತ್ತಿದರೆ ಸಿಗುವುದು ಅಟ್ಟ. ಅಟ್ಟಕ್ಕೆ ಹತ್ತಬೇಡಿ. ಅಲ್ಲಿಂದ ಹೊರಗೆ ದಾರಿ ಇರುವುದಿಲ್ಲ, ಮೇಲಿಂದ ಯಾರಿಗೂ ನೀವು ಕಾಣುವುದಿಲ್ಲ. ಕತ್ರಿನಾದಲ್ಲಿ ಎಷ್ಟೋ ಜನ ಅಟ್ಟದಲ್ಲಿ ಸಿಕ್ಕಿಬಿದ್ದು ಸತ್ತರು. ಹಾರ್ವಿಯಲ್ಲಿ ಕೋಸ್ಟ್ ಗಾರ್ಡ್ ಮತ್ತೆ ಮತ್ತೆ ಹೇಳಿದ್ದೂ ಇದನ್ನೇ: ಅಟ್ಟದಲ್ಲಿ ಉಳಿಯಬೇಡಿ, ಎತ್ತರಕ್ಕೆ ಹೋಗಿ, ಬೆಡ್‌ಶೀಟ್ ಟವೆಲ್ ಬೀಸಿ ಕಾಣಿಸಿಕೊಳ್ಳಿ. ಇಲ್ಲಿಯ ಹಳಬರು ಅಟ್ಟದಲ್ಲಿ ಒಂದು ಕೊಡಲಿ ಇಟ್ಟಿರುತ್ತಾರೆ, ಬೇರೆ ಗತಿಯಿಲ್ಲದಿದ್ದರೆ ಚಾವಣಿ ಒಡೆದು ಹೊರಬರಲು. ನೀವೂ ಇಡಿ. ಬೀಸುವುದಕ್ಕೆ ನಮ್ಮ ಹಳದಿ ಅಥವಾ ಕೆಂಪು ಸೀರೆಗಿಂತ ಒಳ್ಳೆಯದು ಇನ್ನೊಂದಿಲ್ಲ. ಆರು ಗಜದ ಬಣ್ಣ ಎಷ್ಟು ಎತ್ತರದಿಂದಲೂ ಕಾಣುತ್ತದೆ.

ಹೆಲಿಕಾಪ್ಟರ್ ಕೆಳಗಿಳಿದಾಗ ಅದರ ಗಾಳಿಯೇ ಒಂದು ಬಿರುಗಾಳಿ. ಸಡಿಲವಾದದ್ದೆಲ್ಲ ಹಾರುತ್ತದೆ. ಸೀರೆ ಉಟ್ಟಿದ್ದರೆ ಸೆರಗನ್ನು ಸೊಂಟಕ್ಕೆ ಸುತ್ತಿ ಗಟ್ಟಿಯಾಗಿ ಸಿಕ್ಕಿಸಿ, ದುಪಟ್ಟಾ ತೆಗೆದಿಡಿ, ಪಂಚೆಯಲ್ಲಿದ್ದರೆ ಪ್ಯಾಂಟ್ ಹಾಕಿಕೊಳ್ಳಿ. ತಂತಿಯಲ್ಲಿ ಬುಟ್ಟಿ ಇಳಿದು ಬಂದರೆ ಅದು ನೆಲಕ್ಕೋ ನೀರಿಗೋ ತಾಗುವ ತನಕ ಕೈ ಹಾಕಬೇಡಿ. ಗಾಳಿಯಲ್ಲಿ ಬರುವಾಗ ಅದರಲ್ಲಿ ವಿದ್ಯುತ್ ತುಂಬಿರುತ್ತದೆ, ಹೊಡೆಯುತ್ತದೆ. ಸಾಮಾನ್ಯವಾಗಿ ಮೊದಲು ಒಬ್ಬ ಈಜುಗಾರ ಇಳಿಯುತ್ತಾನೆ. ಅವನು ತೋರಿಸಿದ ಕ್ರಮದಲ್ಲೇ ಹೋಗಿ. ಮಗುವನ್ನು ಮೊದಲು ಕಳಿಸು ಅಂದರೆ ಕಳಿಸಿ, ಅಲ್ಲಿ ವಾದಕ್ಕೆ ಸಮಯವಿಲ್ಲ. ಸೂಟ್‌ಕೇಸ್ ಬಿಡುವುದಿಲ್ಲ. ಪಾಸ್‌ಪೋರ್ಟ್, ಐ-94ರ (ಈ ದೇಶದೊಳಗೆ ಬಂದ ದಾಖಲೆ) ಪ್ರತಿ, ಮಾತ್ರೆ, ಕನ್ನಡಕ, ಫೋನ್ ಇಷ್ಟನ್ನು ಜಿಪ್‌ಲಾಕ್ ಚೀಲಕ್ಕೆ ಹಾಕಿ ಮೈಗೆ ಕಟ್ಟಿಕೊಳ್ಳಿ.

ಸಹಾಯ ಕೇಳುವುದು 911ಕ್ಕೆ. ಹಾರ್ವಿಯಲ್ಲಿ ಲೈನ್ ಸಿಗುವುದು ಕಷ್ಟವಾಗಿತ್ತು, ಆದರೂ ಬಿಡದೆ ಮಾಡಿ ಎಂದೇ ಅಧಿಕಾರಿಗಳು ಹೇಳಿದರು. ಫೇಸ್‌ಬುಕ್‌ನಲ್ಲಿ ಹಾಕಿದ್ದನ್ನು ನಂಬಿ ಹೆಲಿಕಾಪ್ಟರ್ ಕಳಿಸುವ ವ್ಯವಸ್ಥೆ ಇರಲಿಲ್ಲ. ವಾಟ್ಸ್ಆ್ಯಪ್ ಗುಂಪಿನಲ್ಲಿ ಹಾಕಿದರೆ ನಾವು ಹತ್ತು ಮಂದಿ ಅಳುತ್ತೇವೆ, ವಿಳಾಸ ಮಾತ್ರ ಪೈಲಟ್‌ಗೆ ಮುಟ್ಟುವುದಿಲ್ಲ.

ಆ ವಾರದ ಒಂದು ಘಟನೆ ವಿದ್ಯಾರ್ಥಿಗಳಿಗೆ ಗೊತ್ತಿರಬೇಕು. ಹ್ಯೂಸ್ಟನ್ ವಿಶ್ವವಿದ್ಯಾಲಯದಲ್ಲಿ ಸುಮಾರು 200 ಭಾರತೀಯ ವಿದ್ಯಾರ್ಥಿಗಳು ಸಿಕ್ಕಿಬಿದ್ದಿದ್ದಾರೆ, ಸುತ್ತ ಕುತ್ತಿಗೆ ಮಟ್ಟದ ನೀರು ಎಂದು ಆಗಿನ ವಿದೇಶಾಂಗ ಸಚಿವೆ ಸುಷ್ಮಾ ಸ್ವರಾಜ್ ತಿಳಿಸಿದರು. ಇಲ್ಲಿ ಆಗ ಭಾರತದ ಕಾನ್ಸುಲ್ ಜನರಲ್ ಆಗಿದ್ದ ಅನುಪಮ್ ರೇ ಊಟ ತಲುಪಿಸಲು ನೋಡಿದರು. ದೋಣಿಗಳು ಜೀವ ಉಳಿಸಲು ಬೇಕು ಎಂದು ಕೋಸ್ಟ್ ಗಾರ್ಡ್ ಒಪ್ಪಲಿಲ್ಲ. ಆಗ ನಮ್ಮಲ್ಲಿ ಬಹಳ ಜನಕ್ಕೆ ಸಿಟ್ಟು ಬಂತು, ನನಗೂ ಬಂತು. ಈಗ ಯೋಚಿಸಿದರೆ ಆ ತೀರ್ಮಾನ ಸರಿ ಅನ್ನಿಸುತ್ತದೆ. ಗಟ್ಟಿ ಕಟ್ಟಡದ ಎರಡನೇ ಮಹಡಿಯಲ್ಲಿ ಹಸಿದಿರುವವರಿಗಿಂತ ಮುಳುಗುತ್ತಿರುವ ಮನೆಯ ಅಜ್ಜಿ ಮುಂದು. ನೀವು ಹಾಸ್ಟೆಲ್‌ನಲ್ಲಿದ್ದರೆ ಸರದಿಯಲ್ಲಿ ನೀವು ಹಿಂದಿರುತ್ತೀರಿ ಎಂದು ತಿಳಿದೇ ಊಟ ನೀರು ಕೂಡಿಡಿ.

ಹಡಗು ಏನು ಮಾಡುತ್ತದೆ

ತಡವಾಗಿ ಬಂದರೂ ಅದು ಮಾಡುವ ಕೆಲಸವನ್ನು ಬೇರೆ ಯಾರೂ ಮಾಡಲಾರರು. ಬಂದರು ಒಡೆದಿರುತ್ತದೆ, ವಿಮಾನ ನಿಲ್ದಾಣದಲ್ಲಿ ನೀರು, ಕರೆಂಟಿಲ್ಲ, ಫೋನಿಲ್ಲ. ಹಡಗು ಇದೆಲ್ಲವನ್ನೂ ಹೊತ್ತುಕೊಂಡೇ ಬರುತ್ತದೆ. ಕಿಯರ್‌ಸಾರ್ಜ್ ಸುಮಾರು 257 ಮೀಟರ್ ಉದ್ದ. ಮೇಲೆ ಹೆಲಿಕಾಪ್ಟರ್, ಒಳಗೆ ಆಸ್ಪತ್ರೆ, ಸಮುದ್ರದ ಉಪ್ಪುನೀರನ್ನು ಕುಡಿಯುವ ನೀರು ಮಾಡುವ ಯಂತ್ರ. ಹಿಂಬದಿಯಲ್ಲಿ ಒಂದು ದೊಡ್ಡ ಬಾಗಿಲು ತೆರೆದು ಒಳಗೆ ನೀರು ಬಿಟ್ಟುಕೊಳ್ಳುತ್ತಾರೆ. ಒಳಗಿದ್ದ ದೋಣಿಗಳು ತೇಲಿ ಹೊರಬಂದು ಲಾರಿ, ಜನರೇಟರ್‌ಗಳನ್ನು ನೇರ ಮರಳಿನ ಮೇಲೆ ಇಳಿಸುತ್ತವೆ. ಬಂದರು ಬೇಕಿಲ್ಲ. 2008ರ ಸೆಪ್ಟೆಂಬರ್ 13ಕ್ಕೆ ಐಕ್ ಚಂಡಮಾರುತ ಗ್ಯಾಲ್ವೆಸ್ಟನ್ ಬಡಿದ ಮೇಲೆ ನ್ಯಾಸೌ ಎಂಬ ಹಡಗು ಆ ದ್ವೀಪದ ಎದುರು ಲಂಗರು ಹಾಕಿತ್ತು. ನಾವಿಕರು ದಡಕ್ಕಿಳಿದು ಅವಶೇಷ ಎತ್ತಿದರು. ಕಾರವಾರದ ಕಡೆಯವರಿಗೆ ಇಂಥದ್ದು ಗೊತ್ತು: 2019ರ ಆಗಸ್ಟ್‌ನಲ್ಲಿ ಕದ್ರಾ ಅಣೆಕಟ್ಟಿನ ಕೆಳಗಿನ ಹಳ್ಳಿಗಳು ಮುಳುಗಿದಾಗ ನೌಕಾನೆಲೆಯವರೇ ದೋಣಿ ತಂದು ಜನರನ್ನು ಕರೆತಂದಿದ್ದರು.

ಆದರೆ ಹಡಗು ಎದುರಿಗಿದ್ದರೆ ಸಾಲದು. ಅಮೆರಿಕದ ಆಡಳಿತದಲ್ಲಿರುವ ಕೆರಿಬಿಯನ್ ದ್ವೀಪ ಪೋರ್ಟೊ ರಿಕೊದ ಉದಾಹರಣೆ ನನ್ನನ್ನು ಇಂದಿಗೂ ಕಾಡುತ್ತದೆ. ಮರಿಯಾ ಅಲ್ಲಿಗೆ ಬಡಿದದ್ದು 2017ರ ಸೆಪ್ಟೆಂಬರ್ 20. ಕಂಫರ್ಟ್ ಎಂಬ ಬಿಳಿ ಬಣ್ಣದ ಆಸ್ಪತ್ರೆ ಹಡಗು ನಾರ್ಫೋಕ್ ಬಿಟ್ಟದ್ದು 29ಕ್ಕೆ, ಅಲ್ಲಿಯ ರಾಜಧಾನಿ ಸ್ಯಾನ್ ವಾನ್ ಮುಟ್ಟಿದ್ದು ಅಕ್ಟೋಬರ್ 3ಕ್ಕೆ. ತೈಲ ಸಾಗಿಸುವ ಹಡಗನ್ನು ಆಸ್ಪತ್ರೆಯಾಗಿ ಬದಲಿಸಿದ್ದು ಅದು. 12 ಶಸ್ತ್ರಚಿಕಿತ್ಸಾ ಕೊಠಡಿಗಳು, ಯುದ್ಧಕಾಲಕ್ಕೆ 1,000 ಹಾಸಿಗೆಗಳ ಶಕ್ತಿ. ದ್ವೀಪದಲ್ಲಿ ರೋಗಿಗಳು ಕರೆಂಟಿಲ್ಲದೆ ನರಳುತ್ತಿದ್ದರೂ ಮೊದಲ ವಾರಗಳಲ್ಲಿ ಆ ಹಾಸಿಗೆಗಳು ಹೆಚ್ಚಿನಂಶ ಖಾಲಿಯೇ ಇದ್ದವು. ಸ್ಥಳೀಯ ಆಸ್ಪತ್ರೆ ಶಿಫಾರಸು ಮಾಡಬೇಕು, ಅದನ್ನು ತಿಳಿಸಲು ಫೋನಿಲ್ಲ, ಒಯ್ಯಲು ರಸ್ತೆಯಿಲ್ಲ. ಅಕ್ಟೋಬರ್ 27ಕ್ಕೆ ಹಡಗು ಬಂದರಿನ ಕಟ್ಟೆಗೇ ಬಂದು ನಿಂತು ಜನರನ್ನು ನೇರ ಒಳಗೆ ಬಿಟ್ಟಾಗ ಸಾಲು ಬೆಳೆಯಿತು. ದಡದಿಂದ ಹಡಗಿಗೆ ಹೋಗುವ ಆ ಕೊನೆಯ ದಾರಿಗಾಗಿ ಮನೆಯಲ್ಲಿರುವ ರೋಗಿಯ ಕಾಗದಪತ್ರ ನಿಮ್ಮ ಕೈಯಲ್ಲಿರಬೇಕು: ಯಾವ ಔಷಧಿ, ಎಷ್ಟು ಮಿಲಿಗ್ರಾಂ, ಯಾವ ಶಸ್ತ್ರಚಿಕಿತ್ಸೆ ಆಗಿದೆ, ಎಲ್ಲ ಇಂಗ್ಲಿಷಿನಲ್ಲಿ ಒಂದೇ ಹಾಳೆಯಲ್ಲಿ. ಊರಿನಿಂದ ತಂದ ಮಾತ್ರೆಗಳ ಬ್ರ್ಯಾಂಡ್ ಹೆಸರು ಇಲ್ಲಿಯ ವೈದ್ಯರಿಗೆ ತಿಳಿಯುವುದಿಲ್ಲ, ಒಳಗಿನ ಔಷಧದ ಹೆಸರು ಬರೆಯಿರಿ.

ಪಡೆಗಳು ಹಂಚುವ ಊಟದ ಬಗ್ಗೆ ಎಲ್ಲರೂ ಕೇಳುತ್ತಾರೆ. ಕಂದು ಪೊಟ್ಟಣದ ಎಂಆರ್‌ಇ ಸೈನಿಕರ ಊಟ. 24 ಬಗೆಗಳಲ್ಲಿ ನಾಲ್ಕು ಸಸ್ಯಾಹಾರಿ. ಹೆಸರು ಮೇಲೇ ಅಚ್ಚಾಗಿರುತ್ತದೆ. ಸಂಕೋಚಪಡದೆ "ವೆಜಿಟೇರಿಯನ್" ಅಂತ ಕೇಳಿ, ಇದ್ದರೆ ಹುಡುಕಿ ಕೊಡುತ್ತಾರೆ. ನಮಗೆ ಜಿಮ್‌ನಲ್ಲಿ ಕೊಟ್ಟ ಹುಡುಗನಿಗೆ ಇಪ್ಪತ್ತು ವರ್ಷವೂ ಇರಲಿಕ್ಕಿಲ್ಲ. ಅತ್ತೆಗೋಸ್ಕರ ಮೂರು ಪೆಟ್ಟಿಗೆ ಬಿಚ್ಚಿ ಹುಡುಕಿದ.

ಇನ್ನು ವೀಸಾದ ಭಯ. ದೋಣಿಗೆ ಹತ್ತಿಸುವ ಮುಂಚೆ ನಮ್ಮನ್ನು ಯಾರೂ ಕಾಗದ ಕೇಳಲಿಲ್ಲ. ತುರ್ತಿನ ಊಟ, ನೀರು, ಔಷಧಿ, ಆಶ್ರಯಕ್ಕೆ ಯಾವ ವೀಸಾ ಎಂಬ ಲೆಕ್ಕವಿಲ್ಲ. ಫೀಮಾ ಕೊಡುವ ಹಣ ಮಾತ್ರ ಬೇರೆ: ಎಚ್-1ಬಿ (ಕೆಲಸದ ವೀಸಾ), ಎಫ್-1 (ವಿದ್ಯಾರ್ಥಿ ವೀಸಾ) ಇದ್ದವರಿಗೆ ಸಿಗುವುದಿಲ್ಲ, ಗ್ರೀನ್ ಕಾರ್ಡ್ ಇದ್ದವರಿಗೆ ಸಿಗಬಹುದು. ಇಲ್ಲೇ ಹುಟ್ಟಿದ ಮಗು ಮನೆಯಲ್ಲಿದ್ದರೆ ಮಗುವಿನ ಹೆಸರಿನಲ್ಲಿ ಅರ್ಜಿ ಹಾಕಬಹುದು. ನಾವು ಹಾಗೇ ಹಾಕಿದ್ದು. ಪ್ರವಾಹದ ವಿಮೆ ಮನೆಯ ವಿಮೆಯಲ್ಲಿ ಸೇರಿರುವುದಿಲ್ಲ, ಬೇರೆಯೇ ಕೊಳ್ಳಬೇಕು, ಸಾಮಾನ್ಯವಾಗಿ 30 ದಿನ ಕಳೆದ ಮೇಲೆ ಜಾರಿಗೆ ಬರುತ್ತದೆ. ಬಾಡಿಗೆ ಮನೆಯವರೂ ಸಾಮಾನಿಗೆ ಕೊಳ್ಳಬಹುದು. ನಮಗೆ ಇರಲಿಲ್ಲ.

ವಯಸ್ಸಾದ ಅಪ್ಪ ಅಮ್ಮ ಇದ್ದರೆ, ಡಯಾಲಿಸಿಸ್, ಆಮ್ಲಜನಕ, ಗಾಲಿಕುರ್ಚಿ ಏನಾದರೂ ಇದ್ದರೆ 211 ಎಂಬ ಸಹಾಯವಾಣಿಗೆ ಫೋನ್ ಮಾಡಿ, ತುರ್ತಿನಲ್ಲಿ ನೆರವು ಬೇಕಾದವರ 'ಸ್ಟಿಯರ್' ಎಂಬ ಟೆಕ್ಸಸ್ ಪಟ್ಟಿಗೆ ಹೆಸರು ಸೇರಿಸಿ. ಸೇರಿಸಿದರೆ ಖಂಡಿತ ಬರುತ್ತಾರೆಂಬ ಭರವಸೆಯಲ್ಲ, ಆದರೆ ಯಾವ ಮನೆಯಲ್ಲಿ ಯಾರಿದ್ದಾರೆಂದು ಹುಡುಕುವವರಿಗೆ ಗೊತ್ತಿರುತ್ತದೆ. ಹೆಸರನ್ನು ಪ್ರತಿ ವರ್ಷ ಹೊಸದಾಗಿ ಕೊಡಬೇಕು. ಅತ್ತೆ ಈ ಬಾರಿ ಮೇ ಕೊನೆಗೆ ಬರುತ್ತಿದ್ದಾರೆ. ಮಂಡಿ ಶಸ್ತ್ರಚಿಕಿತ್ಸೆ ಆದ ಮೇಲೆ ಮೆಟ್ಟಿಲು ಹತ್ತಲಾರರು. ಟಿಕೆಟ್ ಮಾಡಿದ ದಿನವೇ 211ಕ್ಕೆ ಫೋನ್ ಮಾಡಿದೆ. ಹುರಿಹಿಟ್ಟು ತರುತ್ತೇನೆ ಅಂದಿದ್ದಾರೆ, ಎರಡು ಕಿಲೋ ತನ್ನಿ ಅಂದಿದ್ದೇನೆ.