ಶಿಬಿರದಲ್ಲಿ ಮೊದಲ ಬಾರಿಗೆ ಮಕ್ಕಳ ಗುಂಪು ನಡೆಸುವವರಿಗೆ

ಏಪ್ರಿಲ್‌ನಲ್ಲಿ ಶಾಲೆಗಳಿಗೆ ರಜೆ ಬಂತೆಂದರೆ ಶಿವಮೊಗ್ಗ, ಭದ್ರಾವತಿ, ಸಾಗರ, ತೀರ್ಥಹಳ್ಳಿಗಳ ಕ್ರೈಸ್ತ ಸಭೆಗಳಲ್ಲಿ ಮಕ್ಕಳ ಶಿಬಿರದ ಸಿದ್ಧತೆ ಆರಂಭವಾಗುತ್ತದೆ. ಆ ದಿನಗಳಲ್ಲಿ ಸಭಾಪಾಲಕರು ಪರೀಕ್ಷೆ ಮುಗಿಸಿ ಮನೆಯಲ್ಲಿರುವ ಯುವಕ ಯುವತಿಯರನ್ನು ಕರೆದು, ‘ಈ ಸಲ ಎಂಟು ಮಕ್ಕಳು ನಿನ್ನ ಪಾಲಿಗೆ’ ಎಂದು ಹೇಳಿಬಿಡುತ್ತಾರೆ. ಹೇಳಿಸಿಕೊಂಡವರು ಪಾಠದ ಪುಸ್ತಕ ಹಿಡಿದು ಕೂರುತ್ತಾರೆ. ಅದು ತಪ್ಪಲ್ಲ, ಆದರೆ ಪಾಠ ನಡೆಯುವುದು ದಿನಕ್ಕೆ ಹೆಚ್ಚೆಂದರೆ ಒಂದು ಗಂಟೆ. ಊಟದ ಸಾಲು, ಸ್ನಾನದ ಸರದಿ, ಆಟದ ಜಗಳ, ದೀಪ ಆರಿಸಿದ ಮೇಲಿನ ಅರ್ಧ ಗಂಟೆ, ಇವೆಲ್ಲ ಪುಸ್ತಕದಲ್ಲಿ ಇರುವುದಿಲ್ಲ, ಮತ್ತು ಗುಂಪು ಕೂಡುವುದೂ ಒಡೆಯುವುದೂ ಅಲ್ಲಿಯೇ.

ಆದ್ದರಿಂದ ಶಿಬಿರಕ್ಕೆ ಮೊದಲೇ ನಿಮ್ಮ ಗುಂಪಿನ ಮಕ್ಕಳ ಅರ್ಜಿಗಳನ್ನು ಕೇಳಿ ಪಡೆದು ಓದಿರಿ. ಯಾರಿಗೆ ಉಬ್ಬಸ, ಯಾರು ಮಾತ್ರೆ ನುಂಗಬೇಕು, ಯಾರಿಗೆ ಯಾವ ತಿಂಡಿ ಒಗ್ಗುವುದಿಲ್ಲ, ಕೊನೆಯ ದಿನ ಕರೆದೊಯ್ಯಲು ಬರುವವರು ಯಾರು ಎಂಬುದನ್ನು ಒಂದು ಚಿಕ್ಕ ಪುಸ್ತಕದಲ್ಲಿ ಬರೆದುಕೊಳ್ಳಿರಿ. ಮನೆಮಾತನ್ನೂ ಗುರುತು ಹಾಕಿಕೊಳ್ಳುವುದು ಒಳ್ಳೆಯದು. ನಮ್ಮ ಜಿಲ್ಲೆಯ ಶಿಬಿರದಲ್ಲಿ ತಮಿಳು, ಕೊಂಕಣಿ, ಮಲಯಾಳಂ ಮನೆಮಾತಿನ ಮಕ್ಕಳು ಒಂದೇ ಚಾಪೆಯ ಮೇಲೆ ಕೂರುವುದುಂಟು. ಸತ್ಯವೇದದ, ಅಂದರೆ ಬೈಬಲಿನ, ಹಳೆಯ ಕನ್ನಡ ಅವರಲ್ಲಿ ಕೆಲವರಿಗೆ ಗಟ್ಟಿ ಕಡಲೆಯೇ ಸರಿ. ಕಂಠಪಾಠದ ವಾಕ್ಯವನ್ನು ಒಪ್ಪಿಸಲಾರದ ಮಗು ದಡ್ಡನಲ್ಲ ಎಂಬುದು ಆಗ ನಿಮಗೆ ನೆನಪಿರುತ್ತದೆ.

ಮೊದಲ ದಿನ ಹೆಸರುಗಳನ್ನು ಕಲಿಯಿರಿ, ಅಷ್ಟು ಸಾಕು. ಸಂಜೆಯೊಳಗೆ ಎಂಟೂ ಮಕ್ಕಳನ್ನು ಹೆಸರು ಹಿಡಿದು ಕರೆಯುವಂತಾದರೆ, ‘ಏಯ್, ಹಿಂದೆ ಕೂತವನೇ’ ಎಂದು ಕೂಗುವ ಪ್ರಸಂಗ ಬರುವುದಿಲ್ಲ. ತುಂಬ ಗಲಾಟೆ ಮಾಡುವ ಮಗುವಿಗೆ ನೀರಿನ ಕೊಡದ ಜವಾಬ್ದಾರಿಯನ್ನೋ ಚಪ್ಪಲಿ ಸಾಲು ಮಾಡಿಸುವ ಜವಾಬ್ದಾರಿಯನ್ನೋ ಒಪ್ಪಿಸಿ ನೋಡಿರಿ. ಗದರಿಕೆಗಿಂತ ಇದು ಹೆಚ್ಚು ಕೆಲಸ ಮಾಡುತ್ತದೆ.

ಇನ್ನು ಪಾಠದ ಮಾತು. ನನ್ನ ಮೊದಲ ಶಿಬಿರದಲ್ಲಿ ಲೂಕನ ಸುವಾರ್ತೆಯ 19ನೇ ಅಧ್ಯಾಯದ ಜಕ್ಕಾಯನ ಕಥೆ, ಅಂದರೆ ಯೇಸುವನ್ನು ನೋಡಲು ಮರ ಹತ್ತಿ, ಕೊನೆಗೆ ಅನ್ಯಾಯವಾಗಿ ಕಿತ್ತುಕೊಂಡದ್ದನ್ನು ನಾಲ್ಕರಷ್ಟು ಹಿಂದಿರುಗಿಸುತ್ತೇನೆಂದ ಸುಂಕದವನ ಕಥೆ ಹೇಳಿ, ‘ಎಲ್ಲರಿಗೂ ಅರ್ಥವಾಯಿತೇ?’ ಎಂದು ಕೇಳಿದೆ. ಎಂಟೂ ಕೈಗಳು ಮೇಲೆದ್ದವು. ‘ಜಕ್ಕಾಯ ಕೊನೆಗೆ ಏನು ಮಾಡಿದ?’ ಎಂದಾಗ, ‘ಮರದಿಂದ ಬಿದ್ದ ಅಕ್ಕಾ’ ಎಂಬ ಉತ್ತರ ಬಂತು. ತಪ್ಪು ನನ್ನದೇ ಆಗಿತ್ತು: ಸುಂಕ ಎಂದರೆ ಏನೆಂದು ಹೇಳದೆ ನಾನು ಮರ ಹತ್ತಿಸಿಬಿಟ್ಟಿದ್ದೆ. ಮರುವರ್ಷ ಸಂತೆಯ ಸುಂಕದಿಂದ ಆರಂಭಿಸಿದೆ. ವಾರದ ಸಂತೆಯಲ್ಲಿ ಚೀಟಿ ಹರಿದು ಹಣ ಪಡೆಯುವವನನ್ನು ಅವರೆಲ್ಲ ಕಂಡಿದ್ದರು. ಅವನು ಹತ್ತರ ಜಾಗದಲ್ಲಿ ಇಪ್ಪತ್ತು ವಸೂಲಿ ಮಾಡಿದರೆ ಊರಿನವರಿಗೆ ಏನನ್ನಿಸುತ್ತದೆ ಎಂದು ಅವರ ಬಾಯಿಂದಲೇ ಹೊರಡಿಸಿದೆ. ಜಕ್ಕಾಯ ಹತ್ತಿದ ಮರ ನಮ್ಮ ತೋಡಿನ ಬದಿಯ ಅತ್ತಿಯ ಬಳಗದ್ದೇ ಎಂದು ತಿಳಿಸಿದೆ. ಕೊನೆಗೆ ಒಬ್ಬ ಹುಡುಗನ ಕೈಗೆ ಅಡಿಕೆಯ ಚೀಲ ಕೊಟ್ಟು, ಅನ್ಯಾಯವಾಗಿ ಕಿತ್ತುಕೊಂಡ ಒಂದೊಂದು ಅಡಿಕೆಗೆ ನಾಲ್ಕರಂತೆ ಎಣಿಸಿ ಹಿಂದಿರುಗಿಸಲು ಹೇಳಿದೆ. ಮೂರನೆಯವನಿಗೆ ಕೊಡುವಷ್ಟರಲ್ಲಿ ಚೀಲ ಬರಿದಾಯಿತು. ಅವನು ಖಾಲಿ ಚೀಲವನ್ನು ತಿರುವಿ ನೋಡಿ, ‘ಇವನಿಗೆ ಇನ್ನೇನು ಉಳೀತು?’ ಎಂದು ಕೇಳಿದ. ಅಲ್ಲಿಂದ ಮುಂದೆ ಪಾಠವನ್ನು ಮಕ್ಕಳೇ ನಡೆಸಿದರು.

ಪಾಠದ ಕೊನೆಯಲ್ಲಿ, ಯೇಸುವನ್ನು ಯಾರು ಒಪ್ಪಿಕೊಳ್ಳುತ್ತೀರಿ, ಕೈ ಎತ್ತಿರಿ ಎಂದು ಒತ್ತಾಯಿಸುವ ಪದ್ಧತಿ ಕೆಲವು ಕಡೆ ಇದೆ. ನಾನು ಅದನ್ನು ಒಪ್ಪುವುದಿಲ್ಲ. ಏಳು ವರ್ಷದ ಮಗು ಪಕ್ಕದವನು ಎತ್ತಿದನೆಂದು ತಾನೂ ಎತ್ತುತ್ತದೆ. ಬೇರೆ ಧರ್ಮದ ಮನೆಯ ಮಗು ಗೆಳೆಯನ ಜೊತೆ ಬಂದಿದ್ದರೆ, ಶಿಬಿರದಲ್ಲಿ ಏನೇನು ಇರುತ್ತದೆ ಎಂದು ತಂದೆತಾಯಿಗೆ ಮೊದಲೇ ತಿಳಿಸಿ ಅವರ ಲಿಖಿತ ಒಪ್ಪಿಗೆ ಪಡೆದಿರಲೇಬೇಕು.

ರಾತ್ರಿಯೇ ನಿಜವಾದ ಪರೀಕ್ಷೆ. ಹಗಲೆಲ್ಲ ಕುಣಿದ ಮಗು ಹೊದಿಕೆಯೊಳಗೆ ಸದ್ದಿಲ್ಲದೆ ಅಳುತ್ತದೆ. ‘ಅಳಬೇಡ’ ಎನ್ನುವುದರಿಂದ ಅಳು ಹೆಚ್ಚುತ್ತದೆ. ಮನೆಯಲ್ಲಿ ಯಾರ ಪಕ್ಕ ಮಲಗುತ್ತಿ, ನಾಯಿಯ ಹೆಸರೇನು, ಹಸು ಕರು ಹಾಕಿತೇ ಎಂದು ಕೇಳುತ್ತ ಕುಳಿತರೆ ಹತ್ತು ನಿಮಿಷದಲ್ಲಿ ಉತ್ತರಗಳು ಗಿಡ್ಡವಾಗಿ ನಿದ್ದೆ ಬರುತ್ತದೆ. ಹಾಸಿಗೆ ಒದ್ದೆಯಾಗುವುದು ಎಲ್ಲ ಶಿಬಿರಗಳಲ್ಲೂ ಇದ್ದದ್ದೇ. ಎರಡು ಹೆಚ್ಚಿನ ಜಮಖಾನೆ ಇಟ್ಟುಕೊಂಡು, ಇತರರು ಏಳುವ ಮೊದಲೇ ಮಾತಿಲ್ಲದೆ ಬದಲಿಸಿಬಿಡಿರಿ.

ಮಲೆನಾಡಿನಲ್ಲಿ ಹೊರಗಿನ ಆಟಕ್ಕೆ ಬೆಳಗಿನ ಹೊತ್ತನ್ನೇ ಆರಿಸಿರಿ. ಬೇಸಿಗೆಯಲ್ಲಿ ಮಧ್ಯಾಹ್ನದ ಮೇಲೆ ಗುಡುಗು ಮಿಂಚಿನ ಮಳೆ ಹೇಳದೆ ಬರುತ್ತದೆ, ವಿದ್ಯುತ್ತೂ ಹೋಗುತ್ತದೆ. ಕಾಡಂಚಿನ ತರಗೆಲೆಗಳ ಮೇಲೆ ಮಕ್ಕಳನ್ನು ಕೂರಿಸಬಾರದು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಲಾದ ಮಂಗನ ಕಾಯಿಲೆಯನ್ನು ಹರಡುವುದು ಉಣುಗುಗಳು; ಅದರ ಕಾಲ ಸಾಮಾನ್ಯವಾಗಿ ಡಿಸೆಂಬರ್‌ನಿಂದ ಮೇವರೆಗೆ, ಅಂದರೆ ಶಿಬಿರದ ದಿನಗಳೂ ಅದರೊಳಗೇ ಬರುತ್ತವೆ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಆರೋಗ್ಯ ಕೇಂದ್ರಕ್ಕೆ ತಿಳಿಸಿರಿ. ಹೊಳೆಗೆ ಇಳಿಸುವ ಯೋಚನೆಯನ್ನಂತೂ ಬಿಟ್ಟುಬಿಡಿರಿ.

ಒಂದು ಮಗುವಿನೊಡನೆ ಮುಚ್ಚಿದ ಕೋಣೆಯಲ್ಲಿ ಒಬ್ಬರೇ ಇರಬೇಡಿರಿ. ಯಾವುದಾದರೂ ಮಗು ತನಗೆ ಯಾರಿಂದಲೋ ಲೈಂಗಿಕ ಹಿಂಸೆಯಾಗಿದೆಯೆಂದು ಹೇಳಿಕೊಂಡರೆ, ‘ಯಾರಿಗೂ ಹೇಳುವುದಿಲ್ಲ’ ಎಂದು ಮಾತು ಕೊಡಬೇಡಿರಿ. 2012ರ ಪೋಕ್ಸೊ ಕಾಯ್ದೆಯ ಪ್ರಕಾರ ವಿಷಯವನ್ನು ಪೊಲೀಸರಿಗೆ ತಿಳಿಸುವುದು ಕಡ್ಡಾಯ. ಮಕ್ಕಳ ಸಹಾಯವಾಣಿ 1098. ಸಭೆಯ ಮರ್ಯಾದೆ ಎಂಬ ಮಾತು ಅಲ್ಲಿ ಬರಕೂಡದು.

ಕೊನೆಯ ದಿನ ಅರ್ಜಿಯಲ್ಲಿ ಬರೆದ ವ್ಯಕ್ತಿಗೇ ಮಗುವನ್ನು ಒಪ್ಪಿಸಿ ಸಹಿ ಹಾಕಿಸಿಕೊಳ್ಳಿರಿ. ‘ನಾನು ಅವನ ಚಿಕ್ಕಪ್ಪ’ ಎಂದು ಬಂದವರು ಬೇಸರಪಟ್ಟುಕೊಂಡರೂ ಮನೆಗೆ ಫೋನ್ ಮಾಡಿ ಖಚಿತಪಡಿಸಿಕೊಂಡ ಮೇಲೆಯೇ ಕಳುಹಿಸಿರಿ. ಎಲ್ಲರೂ ಹೋದ ಮೇಲೆ ಮೂರು ಟವೆಲ್, ಒಂದು ಟಿಫಿನ್ ಡಬ್ಬಿ, ಜೊತೆ ತಪ್ಪಿದ ಚಪ್ಪಲಿ ಖಂಡಿತ ಉಳಿದಿರುತ್ತವೆ. ಅವನ್ನು ಒಂದು ಚೀಲಕ್ಕೆ ತುಂಬಿ ಭಾನುವಾರದ ಆರಾಧನೆಗೆ ತನ್ನಿರಿ.